ಬದರೀನಾಥರ ಪೀಕಾನ್ ಮರ

ಗಾಳಿಯೇ ಇರಲಿಲ್ಲ. ಆದರೂ ಪಕ್ಕದ ಮನೆಯ, ಅಕ್ರೋಟಿನ ಜಾತಿಯ ಪೀಕಾನ್ ಮರದಿಂದ ಬೆರಳು ದಪ್ಪದ ಟೊಂಗೆಯೊಂದು ಬೇಲಿಯ ಈಚೆ, ಅಣ್ಣಾಸಾಹೇಬರ ಚಹಾದ ಕಪ್ಪಿನ ಪಕ್ಕಕ್ಕೇ ಬಿತ್ತು. ಬುಡ ಕೊಯ್ದಿಟ್ಟಷ್ಟು ನುಣುಪು. ಆ ವಾರದಲ್ಲಿ ಅದು ಹನ್ನೊಂದನೆಯದು.

೨೦೧೪ರ ಅಕ್ಟೋಬರ್ ಕೊನೆ. ಮರ ನೆಟ್ಟಿದ್ದ ಡಾಕ್ಟರ್ ಬದರೀನಾಥರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರು ಈ ಪರದೇಶದ ಊರಾದ ಫುಲ್‌ಶೀರಿಗೆ ಬಂದಾಗಿನಿಂದಲೂ, ಟೊಂಗೆ ಬೇಲಿ ದಾಟುತ್ತದೆಂದು ಅಣ್ಣಾಸಾಹೇಬರು ಅವರೊಡನೆ ಜಗಳವಾಡಿದ್ದರು. "ನನ್ನ ಮರ ಮುಟ್ಟಿ, ಗೊತ್ತಾಗುತ್ತೆ!" ಎಂಬುದೇ ಡಾಕ್ಟರು ಅವರಿಗೆ ಆಡಿದ ಕೊನೆಯ ಮಾತು.

"ಸತ್ತ ಮ್ಯಾಲೂ ಜಗಳಾ ಬಿಟ್ಟಿಲ್ರೀ ಅವರು," ಎಂದು ಸುಮಿತ್ರವ್ವ ಗಂಡ ಅಣ್ಣಾಸಾಹೇಬರ ಹಣೆಗೆ ವಿಭೂತಿ ಬಳಿದರು.

ಬೇಲಿಯಾಚೆಯಿಂದ ಡಾಕ್ಟರ ಹೆಂಡತಿ ತ್ರಿವೇಣಿ ಇಣುಕಿದರು. ಕಣ್ಣು ಕೆಂಪಗಿದ್ದವು. "ಯಾರೋ ನಮ್ಮೆಜಮಾನ್ರ ಮರ ಕೊಯ್ತಿದಾರೆ. ನಿಮಗೇನಾದ್ರೂ ಗೊತ್ತಾ?"

"ನನಗೇನ್ ಗೊತ್ರೀ ಅಕ್ಕಾರ!" ಅಣ್ಣಾಸಾಹೇಬರ ದನಿ ಸಿಕ್ಕಿಬಿದ್ದ ಕಳ್ಳನ ದನಿಯಂತೆ ನಡುಗಿತು.

"ಹತ್ತಿ ನೋಡಿಬಿಡಿ ಅಂಕಲ್," ಎಂದು ಎದುರುಮನೆಯ ವೆಂಕಟರಮಣ ಏಣಿ ತಂದುಕೊಟ್ಟ. ತ್ರಿವೇಣಿಯವರ ಕಾರು ದೇವಸ್ಥಾನಕ್ಕೆ ಹೊರಟಿತು. ಅಣ್ಣಾಸಾಹೇಬರು ಹತ್ತಿದರು. ವೆಂಕಟರಮಣ ಫೋನ್ ಬಂತೆಂದು ಏಣಿ ಬಿಟ್ಟು ಹೋದ.

ಮೇಲೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕಿವಿಯ ಹತ್ತಿರವೇ ಯಾರೋ ಹಲ್ಲು ಮಸೆದಂತೆ ಸದ್ದು. ಕರ್... ಕರ್...

"ಡಾಕ್ಟ್ರ, ತಪ್ಪಾತ್ರೀ," ಎಂದು ಕಣ್ಣು ಮುಚ್ಚಿದರು.

ಸದ್ದು ನಿಂತಿತು. ಕಣ್ಣು ಬಿಟ್ಟರೆ ಬೂದು ಬಣ್ಣದ ಜೀರುಂಡೆ! ಮೈಗಿಂತ ಉದ್ದ ಮೀಸೆ. ಟೊಂಗೆಯ ಸುತ್ತ ಬಳೆ ತೊಡಿಸಿದ ಹಾಗೆ ಕೊರೆದಿಟ್ಟಿತ್ತು. ಲಬಕ್ಕನೆ ಹಿಡಿದರು. ಮುಷ್ಟಿಯೊಳಗೇ ಅದು ಕಿರ್ರೆಂದು ಚೀರಿತು. ಇಳಿಯುವ ಸಡಗರದಲ್ಲಿ ಆ ಟೊಂಗೆಯನ್ನೇ ಹಿಡಿದರು. ಅದು ಕೈಗೇ ಬಂತು.

"ನೀವಾ?"

ಮರೆತ ಹೂವಿಗೆಂದು ಹಿಂತಿರುಗಿದ್ದ ತ್ರಿವೇಣಿ ಕೆಳಗೆ ನಿಂತಿದ್ದರು. ಪಕ್ಕದಲ್ಲಿ ವೆಂಕಟರಮಣ ಫೋಟೋ ತೆಗೆಯುತ್ತಿದ್ದ.

"ಅಲ್ರೀ, ಕಳ್ಳ ಇಂವ, ನೋಡ್ರಿಲ್ಲೆ!" ಎಂದು ಮುಷ್ಟಿ ಬಿಚ್ಚಿದರು. ಜೀರುಂಡೆ ಅವರ ಬೆನ್ನ ಕಡೆ ಹಾರಿಹೋಯಿತು. ಕೆಳಗಿದ್ದವರಿಗೆ ಕಂಡದ್ದು ಬರಿಗೈ, ಇನ್ನೊಂದು ಕೈಯಲ್ಲಿ ಟೊಂಗೆ.

"ಇನ್ನೂ ಬೀಳ್ತಾವ, ನೀವ ನೋಡ್ರಿ! ಆವಾಗರೆ ನಂಬ್ರಿ!" ಎಂದು ಅಣ್ಣಾಸಾಹೇಬರು ಅಂಗಲಾಚಿದರು.

ತ್ರಿವೇಣಿ ಮರದಡಿ ಕುರ್ಚಿ ಹಾಕಿಕೊಂಡು ಹತ್ತು ದಿನ ಕಾದರು. ಹುಳದ ಕಾಲ ಅಂದಿಗೇ ಮುಗಿದಿತ್ತೋ ಏನೋ, ಒಂದು ಕಡ್ಡಿಯೂ ಬೀಳಲಿಲ್ಲ. ಇನ್ನು ಸಾಕ್ಷಿ ಏನು ಬೇಕು?

"ಹೋಗ್ಲಿ ಬಿಡ್ರಿ, ಚಟಾ ಬಿಟ್ರಲ್ಲ, ಅಷ್ಟ ಸಾಕು," ಎಂದು ಸುಮಿತ್ರವ್ವ ಮೃದುವಾಗಿ ಹೇಳಿ, ಈಳಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು.