ಪಂಕ್ತಿಯಲ್ಲಿ ಕೂತ ಮೂರು ಇಲಾಖೆಗಳು

ನಮ್ಮ ಮಾಮಾ ಊಟಕ್ಕೆ ಕರೆದರೆ ಈಗ ಸರ್ಕಾರಿ ಅಧಿಕಾರಿಗಳು ಹೆದರುತ್ತಾರೆ. ಅಡುಗೆ ಕೆಟ್ಟಿರುತ್ತದೆ ಅಂತಲ್ಲ. ದೇವರಾಣೆ, ಅಡುಗೆ ನನ್ನದೇ! ಹೆದರಿಕೆ ಇರುವುದು ಮಾಮಾ ಉಣ್ಣುವ ರೀತಿಗೆ.

ನನ್ನ ತಾಯಿಯ ಅಣ್ಣ ಅವರು. ಸಣ್ಣವರಿದ್ದಾಗ ಪೋಲಿಯೊ ಬಂದು ಎಡಗಾಲು ಸೋತಿದೆ. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಬಗಲಲ್ಲಿ ಕೋಲು, ಬಾಯಲ್ಲಿ ಅಂಗವಿಕಲರ ಕಾಯ್ದೆ. ಬಸ್ಸಿನಲ್ಲಿ ಅಂಗವಿಕಲರ ಸೀಟಿನಲ್ಲಿ ಗಟ್ಟಿಮುಟ್ಟಾದ ಆಳು ಕೂತಿದ್ದರೆ ಏಳು ಅನ್ನುವುದಿಲ್ಲ. ಪಕ್ಕದಲ್ಲಿ ನಿಂತು, "ಯಾವ ಕಾಲು ನೋಯ್ತದ ತಮ್ಮಾ? ಎಣ್ಣಿ ಹಚ್ಚಲೇನು?" ಎಂದು ಕೇಳುತ್ತಾರೆ. ಸೀಟು ತಾನಾಗಿಯೇ ಖಾಲಿ!

ಪಕ್ಕದ ಮನೆಯ ರಜಿಯಾಳ ಮಗಳು ನಾಜ್‌ಗೆ ಕಾಲಲ್ಲಿ ಬಲವಿಲ್ಲ. ಗಾಲಿಕುರ್ಚಿ ಸರ್ಕಾರವೇ ಕೊಟ್ಟಿದೆ, ಪುಣ್ಯ ಬರಲಿ. ಶಾಲೆಯ ಬಾಗಿಲಿಗೆ ಇಳಿಜಾರು ಕಟ್ಟಿಸಿದವರು ಶಾಲೆಯ ಇಲಾಖೆಯವರು. ಅದು ಮುಗಿಯುವಲ್ಲಿ ಬಾಯ್ತೆರೆದ ಚರಂಡಿ, ಅದು ಪುರಸಭೆಯದು. ಅದರಾಚೆ ಮೊಣಕಾಲೆತ್ತರದ ರಸ್ತೆ, ಅದು ಮತ್ತೊಬ್ಬರದು. ಮೂವರೂ ತಮ್ಮ ತಮ್ಮ ಕೆಲಸ ಚೊಕ್ಕಟವಾಗಿ ಮುಗಿಸಿದ್ದರು, ಹುಡುಗಿ ಮಾತ್ರ ರಸ್ತೆಯಲ್ಲೇ! ರಜಿಯಾ ದಿನವೂ ಮಗಳನ್ನು ಎತ್ತಿ ದಾಟಿಸುತ್ತಿದ್ದಳು. ಮಗಳು ಬೆಳೆದಳು, ತಾಯಿಯ ಸೊಂಟ ಸೋತಿತು.

"ಸಾಲಿ ಬಿಡಿಸ್ತೀನ್ರಿ ಕಾಕಾ, ನನ್ನ ಕೈಲೆ ಆಗವಲ್ದು," ಎಂದು ಮಾಮಾನ ಮುಂದೆ ಅತ್ತಳು.

ಮಾಮಾ ಅಂಗವಿಕಲರ ಇಲಾಖೆಗೆ ಹೋದರು. ಅಲ್ಲಿಯವರು ಪಾಪ ಒಳ್ಳೆಯವರೇ. "ಎಲ್ಲಾ ಇಲಾಖಿ ಕೂಡಿಸಿ ಸಮನ್ವಯ ಸಭೆ ಮಾಡಬೇಕ್ರಿ ಯಜಮಾನ್ರ. ಕರದಾಗೆಲ್ಲ ಒಬ್ರಿಲ್ಲ ಒಬ್ರು ಬರಂಗಿಲ್ಲ," ಎಂದರು.

"ಊಟಕ್ಕ ಕರದ್ರ?" ಎಂದರು ಮಾಮಾ.

ಶ್ರಾವಣ ಸೋಮವಾರದ ಪ್ರಸಾದಕ್ಕೆ ಒಲ್ಲೆ ಎನ್ನುವ ಧೈರ್ಯ ಯಾರಿಗಿದೆ? ಶಾಲೆ, ಚರಂಡಿ, ರಸ್ತೆಯ ಸಾಹೇಬರು ಮೂವರೂ ಬಂದರು. ಒಂದೇ ಸಾಲಿನಲ್ಲಿ ಕೂಡಿಸಿ, ಮಾಮಾ ತಾವೂ ಕುಳಿತರು. ಪಂಕ್ತಿಯಲ್ಲಿ ಹಿರಿಯರು ಉಂಡು ಮುಗಿಸುವ ತನಕ ಯಾರೂ ಏಳುವಂತಿಲ್ಲ, ನಮ್ಮಲ್ಲಿ ಅದು ರೂಢಿ. ಎಲ್ಲರ ಹುಗ್ಗಿಯೂ ಮುಗಿಯಿತು. ಮಾಮಾನ ಕೊನೆಯ ತುತ್ತು ಮಾತ್ರ ಕೈಯಲ್ಲೇ ನಿಂತಿತು!

"ಲಗೂನ ಉಣ್ರಿ ಯಜಮಾನ್ರ, ಆಫೀಸ್ ಅದ," ಎಂದರು ಚರಂಡಿಯ ಸಾಹೇಬರು.

"ಇಳೀವಲ್ದ್ರಿ ಸಾಹೇಬ್ರ. ನಡುವ ನಿಮ್ಮ ಚರಂಡಿ ಅದ."

ರಸ್ತೆಯವರು ಕಿಸಕ್ಕನೆ ನಕ್ಕರು.

"ನೀವ್ ಭಾಳ ನಗಬ್ಯಾಡ್ರಿ. ಚರಂಡಿ ದಾಟಿದ್ರ ಮುಂದ ನಿಮ್ಮ ರಸ್ತಿನೇ ಅಡ್ಡ ಅದ!"

ಕೈಯೊಳಗಿನ ಹುಗ್ಗಿ ಒಣಗಿತು. ಸಾಹೇಬರ ಕಾಲುಗಳು ಜೋಮು ಹಿಡಿದವು. ಆಗ ನೋಡಿ, ಮೂವರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾ ಮ್ಯಾಲ ಫರ್ಸಿ ಹಾಕಸ್ತೀನಿ," ಎಂದರು ಚರಂಡಿಯವರು. ನೆಲ ಅಗೆದರೆ ಫರ್ಸಿ ಕಲ್ಲು ಸಿಗುವ ಸೀಮೆ ನಮ್ಮದು, ಅದಕ್ಕೇನು ಬಡತನ!

"ನಾ ರಸ್ತಿ ಅಂಚು ಇಳಸ್ತೀನಿ."

"ಹಂಗಾದ್ರ ನಮ್ಮ ಇಳಿಜಾರು ಅದಕ್ಕ ಕೂಡಸ್ತೀವಿ," ಎಂದರು ಶಾಲೆಯವರು.

"ಯಾವಾಗ?"

"ಬರೋ ಸೋಮವಾರದೊಳಗ! ಉಣ್ರಿ ಯಜಮಾನ್ರ, ನಿಮ್ಮ ಕಾಲ ಬೀಳ್ತೀವಿ!"

ಮಾಮಾ ನುಂಗಿದರು.

ದೇವರು ದೊಡ್ಡವನು, ಕೆಲಸ ಆಯಿತು. ಮೊದಲ ದಿನ ನೋಡಲು ನಾವೂ ಹೋಗಿ ನಿಂತೆವು. ನಾಜ್ ಗಾಲಿಯನ್ನು ತಾನೇ ತಿರುಗಿಸುತ್ತ ಫರ್ಸಿ ದಾಟಿ, ಇಳಿಜಾರು ಹತ್ತಿ, ತಿರುಗಿಯೂ ನೋಡದೆ ಒಳಗೆ ಹೋದಳು. ಎತ್ತಲು ಚಾಚಿದ್ದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ರಜಿಯಾ ಹಾಗೇ ನಿಂತಿದ್ದಳು.

"ಇನ್ನ ಕೈ ಬೀಸಿಕೋಂತ ಮನಿಗಿ ನಡೀ ತಂಗಿ," ಎಂದರು ಮಾಮಾ.

ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ ಅಂದರು: "ನಮ್ಮವ್ವ ನನ್ನ ಹೊತ್ತು ಹೊತ್ತು, ಬೆನ್ನು ಬಾಗಿಸಿಕೊಂಡೇ ತೀರಿಹೋದ್ಲು, ಮಗಳ."