ಕೋಲಾರದ ಕ್ಲೌಡ್ ಕೂಟಕ್ಕೆ ಮೂವತ್ತು ಕುರ್ಚಿ

ಕೋಲಾರದಲ್ಲಿ ಒಂದು ಕ್ಲೌಡ್ ಕೂಟ ನಡೆಸುವುದೇನು ಮಹಾ ಎಂದುಕೊಂಡಿದ್ದೆ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಹುಡುಗರನ್ನು ಸುಮ್ಮನೆ ಕೂರಿಸಿದವನಿಗೆ ಮೂವತ್ತು ಜನರನ್ನು ಕೂರಿಸುವುದು ಕಷ್ಟವೇ? ಕೂರಿಸಿದೆ. ತಪ್ಪಾಗಿದ್ದೇ ಅಲ್ಲಿ!

ಬೇರೆಯವರು ದೂರದ ಕಂಪನಿಗಳ ಕಂಪ್ಯೂಟರುಗಳನ್ನು ಬಾಡಿಗೆಗೆ ಹಿಡಿದು ಮಾಡಿಸುವ ಕೆಲಸವನ್ನು ನಾನು ಗುಜರಿಗೆ ಹೋಗಬೇಕಿದ್ದ ನಾಲ್ಕು ಕಂಪ್ಯೂಟರುಗಳನ್ನು ಮನೆಯಲ್ಲೇ ಜೋಡಿಸಿ ಮಾಡಿಸುತ್ತೇನೆ. ನನ್ನ ಈ ಪುಟ್ಟ ಕ್ಲೌಡಿನ ತಂತ್ರಾಂಶ ಓಪನ್ ಸೋರ್ಸ್. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಆರು ವರ್ಷದಿಂದ ಬಿಚ್ಚುತ್ತಲೇ ಇದ್ದೇನೆ. ಆದರೆ ಅದರ ಬಗ್ಗೆ ಮಾತಾಡಲು ಊರಿನಲ್ಲಿ ಒಬ್ಬರೂ ಇರಲಿಲ್ಲ. ನನ್ನ ಹೆಂಡತಿ ಮಂಜುಳಾ ಮೊದಲ ವಾರ ಕೇಳಿಸಿಕೊಂಡಳು. ಎರಡನೇ ವಾರದಿಂದ ನಾನು ಬಾಯಿ ತೆರೆದರೆ ಸಾಕು, ಒಲೆ ಮೇಲೆ ಏನೋ ಇಟ್ಟಿರುವುದು ಅವಳಿಗೆ ನೆನಪಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ತುಂಬಾ ಬೇಸರವಾಗಿತ್ತು.

ಹೀಗಾಗಿ ಬೆಂಗಳೂರಿನ ಕ್ಲೌಡ್ ಬಳಗವೊಂದಕ್ಕೆ, ಕೋಲಾರದಲ್ಲೂ ಶಾಖೆ ಬೇಕೆಂದು ಬರೆದೆ. ಬರೆಯುವ ಹುಮ್ಮಸ್ಸಿನಲ್ಲಿ "ಇಲ್ಲಿ ಮೂವತ್ತು ಜನ ಬಳಕೆದಾರರಿದ್ದಾರೆ" ಎಂದೂ ಸೇರಿಸಿಬಿಟ್ಟೆ. ಬಳಗದ ಸಂಧ್ಯಾ ಮೇಡಂ ಕೂಡಲೇ ಒಪ್ಪಿದರು. ಭಾನುವಾರ ತಾವೇ ಬರುವುದಾಗಿಯೂ, ಆಸಕ್ತರಿದ್ದರೆ ಅಂದೇ ಶಾಖೆ ಆರಂಭಿಸುವುದಾಗಿಯೂ ತಿಳಿಸಿದರು. ನಾನು ಮೂವತ್ತು ಕುರ್ಚಿಯ ಹಾಲೊಂದನ್ನು ಗೊತ್ತು ಮಾಡಿ, ಬಳಗದ ಪುಟದಲ್ಲಿ ಪ್ರಕಟಣೆ ಹಾಕಿ, ನನ್ನ ಫೋನ್ ನಂಬರ್ ಕೊಟ್ಟು ಕಾದೆ. ಹೆಸರು ಕೊಟ್ಟವರು ಐದು ಜನ!

ಶುಕ್ರವಾರವೂ ಐದೇ. ಶನಿವಾರ ಬೆಳಿಗ್ಗೆಯೂ ಐದೇ.

"ಐದೇ ಜನ ಅಂತ ಆ ಮೇಡಂಗೆ ಹೇಳ್ಬಿಡಿ," ಎಂದಳು ಮಂಜುಳಾ.

"ಮೂವತ್ತು ಅಂದ್ಬಿಟ್ಟಿದ್ದೀನಿ ಕಣೇ! ಖಾಲಿ ಕುರ್ಚಿ ನೋಡಿದ್ರೆ ಅವ್ರು ಬಂದ ಬಸ್ಸಲ್ಲೇ ವಾಪಸ್ ಹೋಗ್ತಾರೆ. ಮಾನ ಹೋಗುತ್ತೆ."

"ಕುರ್ಚಿ ತುಂಬೋದಕ್ಕೇನು, ನಮ್ಮ ನೆಂಟರಿಗೆ ಬರಾನಾ?"

ಅವಳು ತಮಾಷೆಗೆ ಅಂದಿದ್ದು. ನಾನು ಫೋನ್ ಎತ್ತಿಕೊಂಡೆ!

ಹೋಳೂರಿನ ಭಾವನ ಮನೆಯವರು, ಮಾಲೂರಿನ ಷಡ್ಡಕನ ಸಂಸಾರ, ರಾಯಲ್ಪಾಡಿನ ಚಿಕ್ಕಮ್ಮ, ಎಲ್ಲರನ್ನೂ ಕರೆದೆ. ಊಟ ಇದೆ ಎಂದೆ. ಏನು ಸಮಾರಂಭ ಎಂದು ಯಾರೂ ಕೇಳಲಿಲ್ಲ. "ಮೇಡಂ ಏನು ಕೇಳಿದರೂ ಕೈ ಎತ್ತತಕ್ಕದ್ದು" ಎಂದು ಒಬ್ಬೊಬ್ಬರಿಗೂ ಸೂಚನೆ ನೀಡಲಾಯಿತು.

ಭಾನುವಾರ ನೆಂಟರು ರೇಷ್ಮೆ ಉಟ್ಟು ಬಂದರು. ಭಾವ ಬರಿಗೈಲಿ ಬರುವುದು ಹೇಗೆಂದು ಮಾವಿನ ಎಲೆ ತಂದು ಬಾಗಿಲಿಗೆ ತೋರಣ ಕಟ್ಟಿದರು. ಮಂಜುಳಾ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಳು. ಕೂಟದ ಬ್ಯಾನರ್ ಮಾತ್ರ ಹಾಲಿನ ಒಳಗೆ, ವೇದಿಕೆಯ ಹಿಂದೆ ಇತ್ತು. 'ಮೊಬೈಲ್ ಸೈಲೆಂಟ್ ಮಾಡಿ' ಎಂಬ ಚೀಟಿಯನ್ನು ಗೋಡೆಗೆ ಅಂಟಿಸಿ, ಮಾದರಿಯಾಗಿರಲೆಂದು ನನ್ನ ಮೊಬೈಲಿನ ಬಾಯಿಯನ್ನೇ ಮೊದಲು ಮುಚ್ಚಿಸಿ ಬ್ಯಾಗಿಗೆ ಹಾಕಿದೆ.

ಸಂಧ್ಯಾ ಮೇಡಂ ಬಂದರು. ತುಂಬಿದ ಹಾಲ್ ನೋಡಿ ಅವರ ಮುಖ ಅರಳಿತು. ಆದರೆ ಹೆಸರು ಕೊಟ್ಟಿದ್ದ ನನ್ನ ಐವರ ಸುಳಿವೇ ಇಲ್ಲ! ಬಾಗಿಲ ಕಡೆ ನೋಡಿ ನೋಡಿ ನನ್ನ ಕುತ್ತಿಗೆ ಹಿಡಿಯಿತು.

"ಓಪನ್ ಸೋರ್ಸ್ ಕ್ಲೌಡ್ ಯಾರ್ಯಾರು ಬಳಸ್ತಿದ್ದೀರಿ?" ಎಂದರು ಮೇಡಂ.

ಮೂವತ್ತು ಕೈ ಮೇಲೆದ್ದವು. ಬಳೆಗಳ ಸದ್ದಿನಿಂದ ಹಾಲ್ ತುಂಬಿಹೋಯಿತು.

"ಅದಕ್ಕೆ ಕೋಡ್ ಬರೆದವರು?"

ಮತ್ತೆ ಮೂವತ್ತು. ಚಿಕ್ಕಮ್ಮ ಎರಡೂ ಕೈ ಎತ್ತಿದ್ದರು.

ಮೇಡಂ ಆ ಎರಡು ಕೈಗಳನ್ನೇ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು: "ಈ ಹೆಸರನ್ನೇ ಇವತ್ತು ಮೊದಲ ಸಲ ಕೇಳ್ತಿರೋರು?"

ಎಲ್ಲಾ ಕೈಗಳೂ ಎದ್ದವು.

ಅಷ್ಟರಲ್ಲಿ ಚಿಕ್ಕಮ್ಮ ಎದ್ದು ಬಂದು ಮೇಡಂ ಹಣೆಗೆ ಕುಂಕುಮ ಇಟ್ಟು, ಕೈಗೊಂದು ರವಿಕೆ ಕಣ ಕೊಟ್ಟು, ನನ್ನ ಕಡೆ ತಿರುಗಿದರು. "ಏನ್ಲಾ ರಮೇಶ, ಅಮ್ಮಾಯಿ ಚಾಲಾ ಬಾಗುಂದಿ, ಹುಡುಗಿ ಲಕ್ಷಣವಾಗವ್ಳೆ! ನಂಗೆ ಒಪ್ಪಿಗೆ. ಹುಡುಗನ್ನ ಎಲ್ಲಿ ಕೂರಿಸಿದ್ದೀಯಾ?"

"ಒಂದು ಟೀ ಕುಡಿದು ಬರ್ತೀನಿ ಸಾರ್," ಎಂದು ಮೇಡಂ ಹೊರಟರು. ಅರ್ಧ ಗಂಟೆಯಾದರೂ ಬರಲಿಲ್ಲ. ಬಸ್ ಹತ್ತಿಯೇ ಬಿಟ್ಟರೇನೋ ಎಂದು ಬ್ಯಾಗಿನಿಂದ ಮೊಬೈಲ್ ತೆಗೆದೆ. ಹನ್ನೊಂದು ಮಿಸ್ಡ್ ಕಾಲ್! ಕೆಳಗೊಂದು ಸಂದೇಶ: "ಸಾರ್, ನಾನು ಮುಳಬಾಗಿಲಿನ ಇಮ್ರಾನ್. ಕ್ಲೌಡ್ ಮೀಟಪ್ ಎಲ್ಲಿ ಸಾರ್? ನೀವು ಹೇಳಿದ ಹಾಲಲ್ಲಿ ಯಾರದೋ ನಿಶ್ಚಿತಾರ್ಥ ನಡೀತಿದೆ. ನಾವು ಐದೂ ಜನ ಎದುರಿನ ಟೀ ಅಂಗಡೀಲಿ ಕಾಯ್ತಿದ್ದೀವಿ."

ರಸ್ತೆ ದಾಟಿ ಓಡಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಒಂದು ಲ್ಯಾಪ್‌ಟಾಪ್. ಸುತ್ತ ಐದು ತಲೆ, ನಡುವೆ ಸಂಧ್ಯಾ ಮೇಡಂ ತಲೆ, ಹಣೆಯ ಕುಂಕುಮ ಸಮೇತ. ಒಂದು ಕಂಪ್ಯೂಟರ್ ಕೆಟ್ಟಾಗ ಅದರ ಕೆಲಸವನ್ನು ಪಕ್ಕದ್ದು ವಹಿಸಿಕೊಳ್ಳುವಂತೆ ಮಾಡುವುದು ಹೇಗೆಂದು ಇಮ್ರಾನ್ ತೋರಿಸುತ್ತಿದ್ದ. ಆರು ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದ ಸಮಸ್ಯೆ ಅದೇ! ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಗುತ್ತಿದ್ದರು. ಆರು ವರ್ಷದಿಂದ ನಾನು ಹುಡುಕುತ್ತಿದ್ದ ಜನ ಇವರೇ.

ಇಮ್ರಾನ್ ತಲೆ ಎತ್ತಿ, ನನ್ನ ಜರಿ ಪಂಚೆ ನೋಡಿ ನಕ್ಕ. "ನೀವು ಹುಡುಗನ ಕಡೆಯವ್ರಾ ಸಾರ್? ಕಂಗ್ರಾಟ್ಸ್!"

ಉತ್ತರ ಹೇಳಲು ಬಾಯಿ ತೆರೆದೆ. ರಸ್ತೆಯ ಆಚೆಯಿಂದ ಮಂಜುಳಾ ಕೂಗಿದಳು. "ರೀ! ಪಂಕ್ತಿ ಕೂತಾಯ್ತು, ಬಡಿಸೋಕೆ ಯಾರೂ ಇಲ್ಲ, ಬನ್ನಿ!"

ಹೋದೆ. ಸಾಂಬಾರಿನ ಬಕೆಟ್ ಹಿಡಿದೆ. ಎರಡನೇ ಪಂಕ್ತಿಯೂ ಮುಗಿದು ಮತ್ತೆ ರಸ್ತೆ ದಾಟಿದಾಗ ಬೆಂಚಿನ ಮೇಲೆ ಖಾಲಿ ಲೋಟಗಳಷ್ಟೇ ಇದ್ದವು.

ಸಂಜೆ ಮೇಡಂ ಸಂದೇಶ ಬಂತು. "ಐದು ಜನ ಸಾಕಿತ್ತಲ್ಲ ಸಾರ್, ಮೂವತ್ತು ಯಾಕೆ ಬೇಕಿತ್ತು? ಕೋಲಾರ ಶಾಖೆ ಶುರುವಾಯ್ತು, ಇಮ್ರಾನ್ ನೋಡ್ಕೋತಾರೆ. ನನಗೆ ಮದುವೆ ಆಗಿದೆ ಅಂತ ನಿಮ್ಮ ಚಿಕ್ಕಮ್ಮನಿಗೆ ತಿಳಿಸಿಬಿಡಿ. ನೀವೂ ಸದಸ್ಯರಾಗಿ."

ಜೊತೆಗೊಂದು ಅರ್ಜಿ ಇತ್ತು. ಹೆಸರು ತುಂಬಿದೆ, ಊರು ತುಂಬಿದೆ. ಕೊನೆಯ ಪ್ರಶ್ನೆ: 'ಕೋಲಾರ ಶಾಖೆಯ ಮೊದಲ ಕೂಟಕ್ಕೆ ನೀವು ಬಂದಿದ್ದಿರಾ?'

ಸುಳ್ಳು ಹೇಳಿ ಸಾಕಾಗಿತ್ತು. 'ಇಲ್ಲ' ಎಂದು ಒತ್ತಿದೆ.