ಕಾಕಾನ ಕಣ್ಣಿನ ಕೆಲಸ ಹೋದ ಬಗ್ಗೆ

ಗೆ,
ಮಾನ್ಯ ಮುಖ್ಯ ಅಧಿಕಾರಿಗಳು,
ದೃಷ್ಟಿ ಕಳೆದುಕೊಂಡ ಮಾಜಿ ಸೈನಿಕರ ಪುನರ್ವಸತಿ ಕೇಂದ್ರ

ಮಾನ್ಯರೇ,

ಕಲಘಟಗಿ ತಾಲೂಕು ದೇವಿಕೊಪ್ಪದ ಶಿವಗಂಗಾ ಎಂಬ ಇಪ್ಪತ್ತೈದು ವರ್ಷದ, ಏಳನೇ ಇಯತ್ತೆಯವರೆಗೆ ಓದಿದ, ಪರಿಚಯವಿಲ್ಲದವರ ಎದುರು ಬಾಯಿ ತೆರೆಯಲು ಬಾರದ ಹೆಣ್ಣುಮಗಳು ತಮಗೂ, ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಗೂ, ಬಾಗಿಲಲ್ಲಿ ನಿಲ್ಲುವ ಜವಾನರಿಗೂ, ಮೇಜುಗಳ ಮೇಲೆ ವಿಶ್ರಾಂತಿ ಪಡೆಯುತ್ತಿರುವ ಎಲ್ಲ ಕಡತಗಳಿಗೂ ನಮಸ್ಕಾರ ಸಲ್ಲಿಸುತ್ತಾಳೆ. ಈ ಪತ್ರವನ್ನು ತಮಗೊಬ್ಬರಿಗೇ ಬರೆಯದೆ ಎಲ್ಲರೂ ಓದುವಂತೆ ಪತ್ರಿಕೆಗೆ ಕಳಿಸಿದ್ದಕ್ಕೆ ಕ್ಷಮೆಯಿರಲಿ. ಎದುರಿಗೆ ನಿಂತು ಹೇಳಲು ಧೈರ್ಯವಿಲ್ಲದವರಿಗೆ ಊರೆಲ್ಲರ ಮುಂದೆ ಬರೆದು ಹೇಳುವುದೇ ಸುಲಭವೆಂದು ನಾನು ಕಂಡುಕೊಂಡಿದ್ದೇನೆ.

ನನ್ನ ದೂರು ಇಷ್ಟೇ: ತಮ್ಮ ಕೇಂದ್ರವು ನನ್ನನ್ನು ಕೆಲಸದಿಂದ ತೆಗೆದುಹಾಕಿದೆ. ನೋಟಿಸು ಕೊಡಲಿಲ್ಲ, ಕಾರಣ ಕೇಳಲಿಲ್ಲ, ಸೇವೆಯನ್ನು ಮೆಚ್ಚಿ ಒಂದು ಹಾರವನ್ನೂ ಹಾಕಲಿಲ್ಲ.

ನಮ್ಮ ಸುಭಾಸ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಏಳು ವರ್ಷದ ಹಿಂದೆ ಗಡಿಯಲ್ಲಿ ಸಿಡಿಮದ್ದು ಸಿಡಿದು ಅವರ ಎರಡೂ ಕಣ್ಣು ಹೋದವು. ಅವರು ಊರಿಗೆ ಮರಳಿದ ವಾರವೇ ನನ್ನ ನೇಮಕವಾಯಿತು. ಕಾಕಾನ ಹೆಂಡತಿ ಗೌರಕ್ಕ ಚಿಗವ್ವ ಒಂದು ಬಿದಿರಿನ ಕೋಲು ತಂದು, ಒಂದು ತುದಿಯನ್ನು ಅವರ ಕೈಗೂ ಇನ್ನೊಂದು ತುದಿಯನ್ನು ನನ್ನ ಕೈಗೂ ಕೊಟ್ಟು, ಹುಷಾರಾಗಿ ಹೋಗಿಬನ್ನಿ ಎಂದಳು. ಅಂದಿನಿಂದ ನಾನು ಮುಂದೆ, ಕಾಕಾ ಹಿಂದೆ. ಕಲ್ಲು ಬಂದರೆ ಕಲ್ಲು ಎನ್ನುವುದು, ಮೆಟ್ಟಿಲು ಬಂದರೆ ಮೆಟ್ಟಿಲು ಎನ್ನುವುದು, ಸಗಣಿ ಬಂದರೆ ತಡವಾಗಿ ಸಗಣಿ ಎನ್ನುವುದು ನನ್ನ ಕರ್ತವ್ಯ.

ಊರವರು ನನ್ನನ್ನು ಕಂಡು ಪಾಪ ಎನ್ನುತ್ತಿದ್ದರು, ಚಿಕ್ಕ ವಯಸ್ಸಿನಲ್ಲಿ ಎಂಥ ತ್ಯಾಗ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಪೂರ್ತಿಯಾಗಿ ಸ್ವೀಕರಿಸುತ್ತಿದ್ದೆ. ಒಳಗಿನ ಸಂಗತಿ ಬೇರೆಯೇ ಇತ್ತು. ಮದುವೆಯಾಗದ ಹುಡುಗಿ ಒಬ್ಬಳೇ ಕಲಘಟಗಿ ಬಸ್ಸು ಹತ್ತಿದರೆ ಎಲ್ಲಿಗೆ, ಯಾಕೆ, ಯಾವಾಗ ಬರುತ್ತೀ ಎಂದು ಹತ್ತು ಜನ ಕೇಳುತ್ತಾರೆ. ಕುರುಡ ಕಾಕಾನ ಕೋಲಿನ ತುದಿ ಹಿಡಿದವಳನ್ನು ಯಾರೂ ಏನೂ ಕೇಳುವುದಿಲ್ಲ, ಬದಲಿಗೆ ಎದ್ದು ಸೀಟು ಕೊಡುತ್ತಾರೆ. ಕಲಘಟಗಿಯಲ್ಲಿ ಕಾಕಾ ಬಾಬಾಸಾಬರ ಟೇಲರ್ ಅಂಗಡಿಯಲ್ಲಿ ಕುಳಿತು ಹರಟುವಾಗ ನಾನು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಬದಲಿಸಿ ಬರುತ್ತಿದ್ದೆ. ಹೀಗೆ ಕಾಕಾನ ಕುರುಡುತನದ ಮೇಲೆ ನಾನು ಓದಿದ ಕನ್ನಡ ಪುಸ್ತಕಗಳು ಇನ್ನೂರಕ್ಕೂ ಹೆಚ್ಚು. ಕಂಡಕ್ಟರನಿಗೆ ಟಿಕೆಟು ಕೇಳುವವರು, ಅಂಗಡಿಯಲ್ಲಿ ಚೌಕಾಸಿ ಮಾಡುವವರು, ಗ್ರಂಥಾಲಯದವರಿಗೆ ನನ್ನ ಪರವಾಗಿ ನಮಸ್ಕಾರ ಹೇಳಿಕಳಿಸುವವರು ಎಲ್ಲ ಕಾಕಾನೇ. ನಾನು ಅವರ ಕಿವಿಯಲ್ಲಿ ಪಿಸುಗುಡುತ್ತಿದ್ದೆ, ಅವರು ಗಟ್ಟಿಯಾಗಿ ಹೇಳುತ್ತಿದ್ದರು. ಯಾರಿಗೆ ಯಾರು ಆಸರೆ ಎಂದು ತಮ್ಮ ಕೇಂದ್ರದವರು ಆಗ ಸಮೀಕ್ಷೆ ಮಾಡಿದ್ದರೆ ಪುನರ್ವಸತಿಗೆ ಮೊದಲ ಹೆಸರು ನನ್ನದೇ ಬರುತ್ತಿತ್ತು.

ಇಂಥ ಸುಖವಾದ ಹುದ್ದೆಯಲ್ಲಿ ನಾನಿರುವಾಗ ತಾವು ಈ ವರ್ಷದ ಆರಂಭದಲ್ಲಿ ಕಣ್ಣು ಕಳೆದುಕೊಂಡವರ ಹೊಸ ಪಟ್ಟಿ ತಯಾರಿಸಿ ತರಬೇತಿ ಕೊಡುವ ರಘೂತ್ತಮ ಸರ್ ಅವರನ್ನು ಕಳಿಸಿದಿರಿ. ಅವರಿಗೂ ಕಣ್ಣು ಕಾಣುವುದಿಲ್ಲ ಎಂಬುದನ್ನು ತಾವು ಮೊದಲೇ ತಿಳಿಸಬೇಕಿತ್ತು. ಹುಬ್ಬಳ್ಳಿಯಿಂದ ಒಬ್ಬರೇ ಬಂದು, ಬಸ್ಸಿಳಿದು, ಮಡಚಿದ್ದ ಬಿಳಿ ಕೋಲನ್ನು ಬಿಚ್ಚಿ, ಹಾಲಿನ ಡೇರಿಯಲ್ಲಿ ದಾರಿ ಕೇಳಿಕೊಂಡು ಅವರು ನಮ್ಮ ಮನೆಯತ್ತ ನಡೆದು ಬರುತ್ತಿದ್ದರು. ಇಂಥ ಕೆಲಸದಲ್ಲಿ ಅನುಭವಿಯಾದ ನಾನು ಓಡಿಹೋಗಿ ಆ ಬಿಳಿ ಕೋಲಿನ ಕೆಳತುದಿಯನ್ನು ಹಿಡಿದು ಮನೆಯ ಕಡೆ ಎಳೆದೆ. ಅವರು ನಿಂತು ಬಹಳ ಸಮಾಧಾನದಿಂದ, “ಯಾರ್ರೀ ಅವರು? ನನ್ನ ಕಣ್ಣಿಗೆ ಯಾಕ ಕೈ ಹಾಕ್ಲಿಕತ್ತೀರಿ?” ಎಂದರು.

ಮುಂದಿನ ಎಂಟು ವಾರ ನನ್ನ ಅವಮಾನದ ವಾರಗಳು. ಕಾಣದವರನ್ನು ಎಳೆಯಬಾರದಂತೆ, ಅವರೇ ನಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಬೇಕಂತೆ, ನಾವು ಮುಂದೆ ಹೋದದ್ದು, ತಿರುಗಿದ್ದು, ನಿಂತದ್ದು ಎಲ್ಲವೂ ಆ ಮೊಣಕೈಯಿಂದಲೇ ಅವರಿಗೆ ತಿಳಿಯುತ್ತದಂತೆ. ಏಳು ವರ್ಷ ನಾನು ಮಾಡಿದ್ದು ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವ ಕೆಲಸವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದು ಕಾಕಾ. ಅಷ್ಟರಲ್ಲಿ ಕಾಕಾ ಕೋಲು ಆಡಿಸುತ್ತ ಗಟಾರ ದಾಟಲು ಕಲಿತರು, ಕೈ ಸುಟ್ಟುಕೊಳ್ಳದೆ ಚಹಾ ಸೋಸಲು ಕಲಿತರು, ಚಿಗವ್ವನ ಚಹಾಕ್ಕಿಂತ ತಮ್ಮದೇ ಚೆನ್ನಾಗಿದೆ ಎನ್ನಲು ಕಲಿತು ಮನೆಯಲ್ಲಿ ಬೇರೊಂದು ಜಗಳವನ್ನೂ ಹುಟ್ಟಿಸಿದರು. ಒಂದು ದಿನ ಬೆಳಿಗ್ಗೆ ಒಬ್ಬರೇ ಬಸ್ ನಿಲ್ದಾಣಕ್ಕೆ ಹೊರಟರು. ನಾನು ಇಪ್ಪತ್ತು ಹೆಜ್ಜೆ ಹಿಂದೆ ಕಳ್ಳಿಯಂತೆ ಹೊರಟೆ. ಮಠದ ತಿರುವಿನಲ್ಲಿ ಅವರು ಹಿಂದೆ ತಿರುಗದೆಯೇ, “ಶಿವಗಂಗಾ, ಮನಿಗೆ ಹೋಗು. ನಿನ್ನ ಚಪ್ಪಲಿ ಸಪ್ಪಳಾ ಕೇಳಾಕತ್ತೈತಿ” ಎಂದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಬಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ರಘೂತ್ತಮ ಸರ್ ಹೋಗುವಾಗ ಕಾಕಾನ ಫೋನಿನಲ್ಲಿ ಒಬ್ಬ ಹೆಂಗಸನ್ನು ಇಟ್ಟುಹೋದರು. ಫೋನನ್ನು ಕಾಗದದ ಮೇಲೆ ಹಿಡಿದರೆ ಆಕೆ ಅದರಲ್ಲಿರುವುದನ್ನು ಗಟ್ಟಿಯಾಗಿ ಓದುತ್ತಾಳೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬರುತ್ತವೆ. ಆಕೆಯ ಉಚ್ಚಾರ ನನಗೆ ಹಿಡಿಸುವುದಿಲ್ಲ, ಆದರೆ ಒಂದು ಗುಣವನ್ನು ಒಪ್ಪಲೇಬೇಕು: ಅಕ್ಷರ ತಿಳಿಯದಿದ್ದರೆ ತಿಳಿಯುತ್ತಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಿಬಿಡುತ್ತಾಳೆ. ಆ ಒಂದು ಮಾತು ಏಳು ವರ್ಷದಲ್ಲಿ ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಮಾನ್ಯರೇ, ಇಲ್ಲಿಂದ ಮುಂದೆ ದೂರು ಕೊಡುವವಳೇ ತಪ್ಪಿತಸ್ಥಳಾಗುವುದರಿಂದ ದಯವಿಟ್ಟು ಸಾವಕಾಶವಾಗಿ ಓದಬೇಕು.

ಸೈನ್ಯದ ಕಚೇರಿಗಳಿಂದ ಕಾಕಾನಿಗೆ ಬರುವ ಕಾಗದಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಕಾಕಾನಿಗೆ ಕೇಳಿದರೆ ಇಂಗ್ಲಿಷ್ ಅರ್ಥವಾಗುತ್ತದೆ, ನನಗೆ ಅಕ್ಷರ ಮಾತ್ರ ಗೊತ್ತು. ಆದರೆ ಮೊದಲ ತಿಂಗಳಲ್ಲೇ ಕಾಕಾ ಬಾಬಾಸಾಬರ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, ನಮ್ಮ ಶಿವಗಂಗಾ ಇಂಗ್ಲಿಷ್ ಕಾಗದ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾಳೆ ಎಂದು ಹೆಮ್ಮೆಪಟ್ಟುಕೊಂಡರು. ಆ ಮಾತನ್ನು ಉಳಿಸುವ ಸಲುವಾಗಿ ನಾನೊಂದು ಪದ್ಧತಿ ಮಾಡಿಕೊಂಡೆ. ಕಾಗದದಲ್ಲಿ ಚೌಕಗಳೂ ಅಂಕಿಗಳೂ ಇದ್ದರೆ ಪಿಂಚಣಿ. ಚಿಕ್ಕದಾಗಿ, ಕೆಳಗೆ ದೊಡ್ಡ ಸಹಿ ಇದ್ದರೆ ಬದುಕಿರುವ ಪ್ರಮಾಣಪತ್ರದ ನೆನಪೋಲೆ. ಚೌಕವಿಲ್ಲದೆ, ಉದ್ದವಾಗಿ, ಚೆಂದದ ಕಾಗದದಲ್ಲಿದ್ದರೆ ಹಬ್ಬದ ಶುಭಾಶಯ. ಈ ಪದ್ಧತಿಯಿಂದ ಹೆಚ್ಚು ಸಲ ಅನಾಹುತವಾಗಲಿಲ್ಲ ಎಂಬುದು ಸರ್ಕಾರಿ ಕಾಗದಗಳ ಬಗ್ಗೆಯೂ ಏನನ್ನೋ ಹೇಳುತ್ತದೆ.

ಮೂರು ವರ್ಷದ ಹಿಂದೆ ಆಗಸ್ಟ್ ತಿಂಗಳಲ್ಲಿ ತಮ್ಮ ಕೇಂದ್ರದಿಂದ ಒಂದು ಕಾಗದ ಬಂತು. ಚೌಕವಿರಲಿಲ್ಲ, ಉದ್ದವಾಗಿತ್ತು, ಕಾಗದ ಚೆಂದವಿತ್ತು. ನಾನು ಅದನ್ನು ಸ್ವಾತಂತ್ರ್ಯೋತ್ಸವದ ಶುಭಾಶಯವೆಂದು ಓದಿದೆ. ಸುಮ್ಮನೆ ಓದಲಿಲ್ಲ, ತಮ್ಮ ಶೌರ್ಯವನ್ನು ದೇಶ ಮರೆತಿಲ್ಲ ಎಂಬ ಒಂದು ಸಾಲನ್ನು ಸ್ವಂತದಿಂದ ಸೇರಿಸಿದೆ. ಕಾಕಾ ಅಂದೇ ಉತ್ತರ ಬರೆಯಲು ಹೇಳಿದರು. ತಮಗೂ ತಮ್ಮ ಕುಟುಂಬದವರಿಗೂ ದೇವಿ ಆಯುರಾರೋಗ್ಯ ಕೊಡಲಿ ಎಂದು ನಾನೇ ಕನ್ನಡದಲ್ಲಿ ದುಂಡಗೆ ಬರೆದು ಅಂಚೆಗೆ ಹಾಕಿದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಕಾಕಾ ಟ್ರಂಕು ತೆಗೆದು, ಏಳು ವರ್ಷದ ಕಾಗದಗಳನ್ನು ಒಂದೊಂದಾಗಿ ಫೋನಿನ ಕೆಳಗೆ ಹಿಡಿಯತೊಡಗಿದರು. ನಾನು ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದೆ. ಎದ್ದು ಹೋಗಬಹುದಿತ್ತು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ತಮ್ಮ ಆ ಆಗಸ್ಟಿನ ಕಾಗದದ ಸರದಿ ಬಂದಾಗ ಫೋನಿನ ಹೆಂಗಸು ನಿಧಾನವಾಗಿ ಪೂರ್ತಿ ಓದಿದಳು. ಕಾಕಾ ಮತ್ತೊಮ್ಮೆ ಓದಿಸಿದರು. ಆಮೇಲೆ ಅದರಲ್ಲೇನಿದೆ ಎಂದು ನನಗೆ ಕನ್ನಡದಲ್ಲಿ ಹೇಳಿದರು: ಕಣ್ಣು ಕಳೆದುಕೊಂಡ ಸೈನಿಕರಿಗೆ ಕಂಪ್ಯೂಟರ್ ಮತ್ತು ಟೆಲಿಫೋನ್ ಕೆಲಸದ ಆರು ತಿಂಗಳ ತರಬೇತಿ, ಊಟ ವಸತಿ ಕೇಂದ್ರದ್ದೇ, ಕಲಿತವರಿಗೆ ನೌಕರಿ ಕೊಡಿಸುವ ಪ್ರಯತ್ನ, ವಯಸ್ಸು ನಲವತ್ತೈದು ಮೀರಿರಬಾರದು, ಮೂವತ್ತು ದಿನದಲ್ಲಿ ಉತ್ತರಿಸಬೇಕು. ಆಗ ಕಾಕಾನಿಗೆ ನಲವತ್ನಾಲ್ಕು. ಈಗ ನಲವತ್ತೇಳು.

“ಓದಾಕ ಬರೂದಿಲ್ಲ ಅಂದಿದ್ರ ಸಾಕಾಗಿತ್ತಲ್ಲವಾ, ತಂಗಿ” ಎಂದರು. ಬೈದಿದ್ದರೆ ಅಳಬಹುದಿತ್ತು. ನಾಲ್ಕು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಚಹಾ ಮಾಡಿದರೆ ನನ್ನನ್ನು ಬಿಟ್ಟು ಎರಡೇ ಕಪ್ಪು ಮಾಡುತ್ತಿದ್ದರು.

ಆ ನಡುವೆ ಕಾಕಾ ರಘೂತ್ತಮ ಸರ್ ಅವರಿಗೆ ಫೋನ್ ಮಾಡಿದಾಗ ಅವರು ಹಳೆಯ ಕಡತ ಹುಡುಕಿಸಿ ಎರಡು ವಿಷಯ ತಿಳಿಸಿದರು. ಒಂದು, ನಮ್ಮ ಕನ್ನಡ ಪತ್ರ ಮೂವತ್ತು ದಿನದೊಳಗೇ ತಮ್ಮ ಕಚೇರಿ ಮುಟ್ಟಿತ್ತು; ಅಲ್ಲಿ ಆಗ ಕನ್ನಡ ಬಲ್ಲವರು ಇಲ್ಲದ್ದರಿಂದ ಅದರ ಮೇಲೆ ಉತ್ತರ ಬಂದಿದೆ ಎಂದು ಬರೆದು ಕಡತ ಮುಚ್ಚಲಾಗಿತ್ತು. ಇದನ್ನು ಕೇಳಿ ನನಗಾದ ಸಮಾಧಾನವನ್ನು ಹೇಗೆ ಹೇಳಲಿ. ನನ್ನ ಪದ್ಧತಿಯನ್ನು ಅಷ್ಟು ದೊಡ್ಡ ಕಚೇರಿಯೂ ಅನುಸರಿಸುತ್ತದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನಂಥವಳಿಗೆ ತಮ್ಮಲ್ಲಿ ಒಂದು ಕುರ್ಚಿ ಸಿಗಲು ಅಡ್ಡಿಯಿಲ್ಲ. ಎರಡು, ವಯಸ್ಸು ಮೀರಿದವರು ಕಾರಣ ಬರೆದು ಅರ್ಜಿ ಹಾಕಿದರೆ ಅಧಿಕಾರಿಗಳು ಮನಸ್ಸು ಮಾಡಿ ವಿನಾಯಿತಿ ಕೊಟ್ಟದ್ದುಂಟು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ. ಕಾಕಾನ ವಯಸ್ಸಿನಲ್ಲಿ ಆ ಮೂರು ವರ್ಷಗಳು ಅವರವಲ್ಲ, ನನ್ನವು. ದಯವಿಟ್ಟು ಅವನ್ನು ಅವರ ಲೆಕ್ಕದಿಂದ ತೆಗೆದು ನನ್ನ ವಯಸ್ಸಿಗೆ ಸೇರಿಸಬೇಕು. ನನಗೆ ಇಪ್ಪತ್ತೆಂಟಾದರೆ ಮನೆಯಲ್ಲಿ ಯಾರಿಗೂ ಹೊಸದಾಗಿ ಚಿಂತೆಯಾಗುವುದಿಲ್ಲ, ಇಪ್ಪತ್ತೆರಡರಿಂದಲೇ ವಯಸ್ಸಾಯಿತು ಎನ್ನುತ್ತಿದ್ದಾರೆ. ಹೀಗೆ ಸೇರಿಸಲು ನಿಯಮವಿಲ್ಲದಿದ್ದರೆ ಒಂದು ನಿಯಮ ಮಾಡಬೇಕು. ಜೊತೆಗೆ, ಕುರುಡರನ್ನು ಕಳೆದುಕೊಂಡ ಕಣ್ಣುಳ್ಳವರಿಗೂ ಎಂಟು ವಾರದ ತರಬೇತಿ ಆರಂಭಿಸಬೇಕು. ಒಬ್ಬಳೇ ಬಸ್ಸು ಹತ್ತುವುದು, ಕಂಡಕ್ಟರನ ಮುಖ ನೋಡಿ ಕಲಘಟಗಿ ಒಂದು ಎನ್ನುವುದು, ಬಾರದ್ದನ್ನು ಬಾರದು ಎನ್ನುವುದು, ಇಷ್ಟು ಪಾಠವಿದ್ದರೆ ಸಾಕು.

ಕಾಕಾ ಮಾತು ಬಿಟ್ಟ ಐದನೆಯ ದಿನ, ರಘೂತ್ತಮ ಸರ್ ಕಳಿಸಿಕೊಟ್ಟ ತಮ್ಮ ಅರ್ಜಿ ನಮೂನೆ ಬಂತು. ಅದಕ್ಕಾಗಿ ತಮಗೆ ವಿಶೇಷ ವಂದನೆ. ಕಣ್ಣಿಲ್ಲದವರು ತುಂಬಬೇಕಾದ ಆ ನಮೂನೆ ಝೆರಾಕ್ಸಿನ ಝೆರಾಕ್ಸ್ ಆಗಿದ್ದು, ಸಾಲುಗಳು ಓರೆಯಾಗಿ, ಅಕ್ಷರಗಳು ಇರುವೆಯಷ್ಟಾಗಿ, ಫೋನಿನ ಹೆಂಗಸು ಮೂರು ಸಲ ಯತ್ನಿಸಿ ತಿಳಿಯುತ್ತಿಲ್ಲ ಎಂದು ಕೈಚೆಲ್ಲಿದಳು. ಕಾಕಾ ಫೋನು ಬದಿಗಿಟ್ಟು ನನ್ನನ್ನು ಕರೆದರು. ನಾಲ್ಕು ದಿನದ ಮೇಲೆ ಕೇಳಿದ ನನ್ನ ಹೆಸರು. ತಮ್ಮ ಝೆರಾಕ್ಸ್ ಯಂತ್ರ ಎಂದೆಂದೂ ಹೀಗೇ ಇರಲಿ.

ಅರ್ಥ ಹೇಳಬೇಡ, ಅಕ್ಷರ ಹೇಳು ಎಂದರು. ನಾನು ಒಂದೊಂದೇ ಅಕ್ಷರ ಹೇಳಿದೆ, ಅವರು ಕೂಡಿಸಿ ಪದ ಮಾಡಿದರು, ಕನ್ನಡದಲ್ಲಿ ನನಗೆ ತಿಳಿಸಿದರು. ಹೀಗೆ ಒಂದು ಪುಟಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಈ ರೀತಿಯಲ್ಲಿ ನಾವು ಏಳು ವರ್ಷವೂ ಓದಬಹುದಿತ್ತು ಎಂಬುದು ಇಬ್ಬರಿಗೂ ಗೊತ್ತಾಯಿತು. ವಯಸ್ಸಿನ ಚೌಕಕ್ಕೆ ಬಂದಾಗ ನನ್ನ ಪೆನ್ನು ನಾಲ್ಕರ ಪಕ್ಕದಲ್ಲಿ ಇನ್ನೊಂದು ನಾಲ್ಕು ಬರೆಯಲು ಬಹಳ ಆಸೆಪಟ್ಟಿತು. ಯಾರಿಗೂ ಕಾಣುತ್ತಿರಲಿಲ್ಲ. ಏಳು ಎಂದು ಬರೆದು, ಏಳು ಎಂದು ಗಟ್ಟಿಯಾಗಿ ಓದಿದೆ. ಜೊತೆಗೆ ಬರುವವರು ಎಂಬಲ್ಲಿ ಯಾರೂ ಇಲ್ಲ ಎಂಬುದಕ್ಕೆ ಕಾಕಾ ನಾಲ್ಕು ಇಂಗ್ಲಿಷ್ ಅಕ್ಷರ ಹೇಳಿದರು. ಅರ್ಥ ತಿಳಿದು ನಾನು ಬರೆದ ಮೊದಲ ಇಂಗ್ಲಿಷ್ ಪದ ಅದೇ.

ಎಲ್ಲಕ್ಕಿಂತ ಕೆಳಗೆ ಒಂದು ಸಾಲಿತ್ತು. ಈ ನಮೂನೆಯಲ್ಲಿರುವುದನ್ನೆಲ್ಲ ಅರ್ಜಿದಾರರಿಗೆ ಇದ್ದದ್ದು ಇದ್ದಂತೆ ಓದಿ ಹೇಳಿದವರ ಹೆಸರು ಮತ್ತು ಸಹಿ. ಅದು ತಿಳಿದ ಕೂಡಲೇ ನಾನು ಪೆನ್ನು ಕೆಳಗಿಟ್ಟೆ. ಚಿಗವ್ವ ಒಳಗಿನಿಂದ, ಶಾಲೆಯ ಮಾಸ್ತರರನ್ನು ಕರೆಸೋಣ, ಅವರ ಸಹಿಯಾದರೆ ತೂಕವಿರುತ್ತದೆ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ಕಾಕಾ ಕಾಗದದ ಮೇಲೆ ಕೈಯಾಡಿಸಿ, ಪೆನ್ನು ಹುಡುಕಿ, ನನ್ನ ಕಡೆ ಚಾಚಿದರು. “ಓದಿದಾಕಿ ಇಕಿ. ಇಕೀನ ಸಹಿ ಮಾಡ್ಲಿ” ಎಂದರು.

ಮಾಡಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದನ್ನು ಅರ್ಜಿಯ ದೋಷವೆಂದು ಎಣಿಸಬಾರದಾಗಿ ವಿನಂತಿ.

ಕೆಲಸ ಕಳೆದುಕೊಂಡರೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಶಿವಗಂಗಾ
ದೇವಿಕೊಪ್ಪ

ತಾ.ಕ.: ಅರ್ಜಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ಇಂದಿಗೆ ಇಪ್ಪತ್ತೆರಡು ದಿನ. ವಿಚಾರಿಸಿದಾಗ, ಕಡತ ಮೊದಲ ಮೇಜಿನಿಂದ ಹೊರಟಿದೆ, ಎರಡನೆಯದನ್ನು ಇನ್ನೂ ಮುಟ್ಟಿಲ್ಲ ಎಂಬ ಉತ್ತರ ಬಂತು. ಪಾಪ, ದಾರಿ ಕಾಣದೆ ನಿಂತಿರಬೇಕು. ಅದಕ್ಕೂ ಒಂದು ಬಿಳಿ ಕೋಲು ಕೊಡಿಸಿ. ದಯವಿಟ್ಟು ಯಾರೂ ತುದಿ ಹಿಡಿದು ಎಳೆಯಬೇಡಿ, ಮೊಣಕೈ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆದರೆ ಸಾಕು, ತಾನೇ ಬರುತ್ತದೆ.